ಜನರಲ್ ಅಂಕಲ್‌ಗೆ ನಾನು ಬರೆದ ಬಿನ್ನವತ್ತಳೆ

ಕಳೆದ ಶನಿವಾರ ಬೆಳಿಗ್ಗೆ ಪಕ್ಕದ ಮನೆಯವರು ಹೊಸ ಜನರೇಟರ್ ತಂದು, ಡ್ರೈವ್‌ವೇಯಲ್ಲಿ ಇಟ್ಟು, ಒಮ್ಮೆ ಚಾಲೂ ಮಾಡಿ ನೋಡಿದರು. ನಾವು ಈಗ ಇರುವುದು ಟೇಲರ್‌ನಲ್ಲಿ. ಈ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ನಮ್ಮವರಿಗೆ ಕೆಲಸವಾದ ಮೇಲೆ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡ್ ಬಿಟ್ಟು ಬಂದೆವು. ನಾನು ಕರಿಬೇವಿನ ಕುಂಡಕ್ಕೆ ನೀರು ಬಿಡುತ್ತಿದ್ದೆ. ಸುಟ್ಟ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪೈಪು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀರು ಚಪ್ಪಲಿಯೊಳಗೆ ಹರಿಯುತ್ತಿತ್ತು. ನಮ್ಮವರು ಕಿಟಕಿಯಿಂದ ಇಣುಕಿ, "ಯಾಕ, ಆರಾಮ ಇಲ್ಲೇನು?" ಎಂದರು. ಅವರು ಧಾರವಾಡದವರು, ಇಪ್ಪತ್ತು ವರ್ಷದ ಅಮೆರಿಕ ಅವರ ಮಾತನ್ನು ಒಂದಿಷ್ಟೂ ಅಲುಗಾಡಿಸಿಲ್ಲ. "ಏನಿಲ್ಲಾರೀ, ಸುಮ್ಮನೆ" ಎಂದೆ.

ಸುಮ್ಮನೆ ಏನೂ ಅಲ್ಲ. ಆ ವಾಸನೆ ಬಂದರೆ ನನಗೆ ಪೇರ್‌ಲ್ಯಾಂಡಿನ ಒಂದು ಬೀದಿ, ಒಬ್ಬ ಮುದುಕರ ಮುಖ ಕಣ್ಣಿಗೆ ಕಟ್ಟುತ್ತದೆ. ಆತ ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ನಾನು ಇನ್ನೂ ತೀರ್ಮಾನ ಮಾಡಿಲ್ಲ. ಮಾಡೋಣ ಎಂದು ಕೂತಾಗಲೆಲ್ಲ ತಲೆ ಕೆಟ್ಟುಹೋಗಿ, ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.

ಆ ವರ್ಷ ಜುಲೈನಲ್ಲಿ ಚಂಡಮಾರುತ ಬಂದಿತ್ತು. ಹ್ಯೂಸ್ಟನ್ ಕಡೆಯವರಿಗೆ ಅದೇನು ಹೊಸದಲ್ಲ. ನೀರು, ಬ್ಯಾಟರಿ, ಬ್ರೆಡ್ಡು ತಂದಿಟ್ಟುಕೊಂಡು, ಟೀವಿ ಮುಂದೆ ಕೂತು, ಅದು ಎತ್ತ ತಿರುಗುತ್ತದೆಂದು ನೋಡುತ್ತಿರುತ್ತೇವೆ. ಕೊನೆಗೆ ಅದು ಎತ್ತಲೋ ತಿರುಗಿಹೋಗುತ್ತದೆ. ಆ ಸಲ ಎತ್ತಲೂ ತಿರುಗಲಿಲ್ಲ. ಬೆಳಗಿನ ಹೊತ್ತು ನೇರವಾಗಿ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಮಧ್ಯಾಹ್ನ ಗಾಳಿ ನಿಂತಾಗ ಕರೆಂಟ್ ಇರಲಿಲ್ಲ, ಫೋನ್ ಇರಲಿಲ್ಲ, ದೊಡ್ಡದೊಂದು ಓಕ್ ಮರ ಬೀದಿಯ ಬಾಯಿಗೆ ಅಡ್ಡ ಬಿದ್ದಿತ್ತು. ನಮ್ಮದು ಹನ್ನೊಂದು ಮನೆಗಳ ಬೀದಿ, ಕೊನೆಯಲ್ಲಿ ದಾರಿಯಿಲ್ಲ. ಮರ ಬಿದ್ದ ಮೇಲೆ ಈ ತುದಿಗೂ ದಾರಿಯಿಲ್ಲದಂತಾಯಿತು. ಜನ ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಆರು ವರ್ಷ ಅಲ್ಲಿದ್ದೆವು, ಅರ್ಧ ಜನರ ಹೆಸರು ನನಗೆ ಗೊತ್ತಾದದ್ದೇ ಅವತ್ತು.

ಆಗ ಮೂಲೆಮನೆಯ ಮುದುಕರು ಊರುಗೋಲು ಹಿಡಿದು ಹೊರಗೆ ಬಂದರು. ಎಂಬತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಅವರ ಮಗಳು ಪ್ಲಾಯ್, ಮೆಡಿಕಲ್ ಸೆಂಟರ್‌ನಲ್ಲಿ ಡಾಕ್ಟರ್, ಆಸ್ಪತ್ರೆಯಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಅಪ್ಪ ಥಾಯ್ಲೆಂಡಿನವರು, ಅಲ್ಲಿ ಸೈನ್ಯದಲ್ಲಿ ಜನರಲ್ ಆಗಿದ್ದವರು ಎಂದು ಅವಳು ಯಾವಾಗಲೋ ಹೇಳಿದ್ದಳು. ಅಷ್ಟು ಬಿಟ್ಟರೆ ಬೇರೇನೂ ತಿಳಿದಿರಲಿಲ್ಲ. ಅವರು ಬೀದಿಯ ನಡುವೆ ನಿಂತು ಒಮ್ಮೆ ಎಲ್ಲರನ್ನೂ ನೋಡಿದರು. ಆಮೇಲೆ ಯಾರ ಮನೆಯಲ್ಲಿ ಗರಗಸ ಇದೆ, ಯಾರ ಮನೆಯಲ್ಲಿ ಗ್ಯಾಸ್ ಒಲೆ ಇದೆ, ಯಾರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ ಎಂದು ಕೇಳಲು ಶುರು ಮಾಡಿದರು. ಅರ್ಧ ಗಂಟೆಯಲ್ಲಿ ನಮ್ಮವರ ಕೈಯಲ್ಲಿ ಗರಗಸ ಇತ್ತು. ನಾನು ಎರಡು ಕೊಳಗದಲ್ಲಿ ಸಾರು ಅನ್ನ ಮಾಡುತ್ತಿದ್ದೆ. ಬೀದಿಯಲ್ಲಿ ಇದ್ದದ್ದು ಒಂದೇ ಜನರೇಟರ್; ಅದರ ವಯರು ಇವತ್ತು ಯಾವ ಮನೆಗೆ, ನಾಳೆ ಯಾವ ಮನೆಗೆ ಎಂದು ಅವರು ಸೀಮೆಸುಣ್ಣದಲ್ಲಿ ರಸ್ತೆಯ ಮೇಲೇ ಬರೆದರು.

ನಮ್ಮ ಬಡಾವಣೆಯ ಸಂಘಕ್ಕೆ ಆರಿಸಿ ಬಂದ ಅಧ್ಯಕ್ಷರು ಅದೇ ಬೀದಿಯಲ್ಲಿದ್ದರು. ಅವರು ಮುಂದೆ ಬಂದು, "ಇದನ್ನೆಲ್ಲ ಒಂದು ಸಭೆ ಕರೆದು ತೀರ್ಮಾನ ಮಾಡಬೇಕಲ್ಲವೇ?" ಎಂದು ಮೆಲ್ಲಗೆ ಕೇಳಿದರು. ಜನರಲ್ ನಕ್ಕು, "ಖಂಡಿತ ಸಭೆ ಕರೆಯಿರಿ. ಅಷ್ಟರಲ್ಲಿ ನಾವು ಮರ ಕಡಿದಿರುತ್ತೇವೆ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಒಂಬತ್ತು ದಿನ ಕರೆಂಟ್ ಇರಲಿಲ್ಲ. ಹ್ಯೂಸ್ಟನ್ನಿನ ಜುಲೈ ಸೆಕೆಯಲ್ಲಿ ಒಂಬತ್ತು ದಿನ ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಆದರೂ ನಮ್ಮ ಬೀದಿಯಲ್ಲಿ ಒಂದು ಜಗಳವಾಗಲಿಲ್ಲ, ಒಬ್ಬರ ಊಟ ತಪ್ಪಲಿಲ್ಲ. ನನ್ನ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದು ಜನರಲ್, "ಇದಕ್ಕೆ ಸ್ವಲ್ಪ ಮಜ್ಜಿಗೆಹುಲ್ಲು ಹಾಕಿದ್ದರೆ ನಮ್ಮೂರಿನದೇ" ಎಂದರು. ಕಾಲು ಕುಂಟುತ್ತಿದ್ದರೂ ಪ್ರತಿ ಮನೆಯ ಬಾಗಿಲು ತಟ್ಟಿ ಮುದುಕರನ್ನು ಮಾತಾಡಿಸಿ ಬರುತ್ತಿದ್ದರು. ನಮ್ಮವರು ಬೆವರು ಸುರಿಸುತ್ತ ಬಂದು, "ಈ ಮನಷ್ಯಾ ಎಲ್ಲೋ ರಾಜ್ಯ ಆಳಿ ಬಂದಾನ ನೋಡು. ನಾ ನನ್ನ ಅಪ್ಪನ ಮಾತೂ ಹಿಂಗ ಕೇಳಿದ್ದಿಲ್ಲ" ಎಂದರು.

ನಾನು ಫಿಸಿಯೋಥೆರಪಿಸ್ಟ್. ಕರೆಂಟ್ ಬಂದ ಮೇಲೆ ಪ್ಲಾಯ್ ನಮ್ಮ ಮನೆಗೆ ಬಂದು, ಅಪ್ಪನ ಮಂಡಿಗೆ ಏನಾದರೂ ವ್ಯಾಯಾಮ ಹೇಳಿಕೊಡುತ್ತೀರಾ ಎಂದು ಕೇಳಿದಳು. ಅಷ್ಟೆಲ್ಲ ಮಾಡಿದ ಮನುಷ್ಯನಿಗೆ ಇದೊಂದು ದೊಡ್ಡದೇ? ಆಗಸ್ಟ್ ಸೆಪ್ಟೆಂಬರ್ ಪೂರ್ತಿ ಕೆಲಸದಿಂದ ಬಂದು, ಕಾಫಿ ಕುಡಿದು, ಸಂಜೆ ಆರಕ್ಕೆ ಅವರ ಮನೆಯ ಜಗುಲಿಗೆ ಹೋಗುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ಕಾಲು ಎತ್ತಿ ಇಳಿಸುತ್ತ ತಮ್ಮ ಕಥೆ ಹೇಳುತ್ತಿದ್ದರು. ನನ್ನನ್ನು ಖುನ್ ಶೈಲಾ ಎನ್ನುತ್ತಿದ್ದರು. ಖುನ್ ಎಂದರೆ ಅವರಲ್ಲಿ ಮರ್ಯಾದೆಯ ಮಾತು. ನಾನು ಅವರನ್ನು ಎಲ್ಲ ಹಿರಿಯರನ್ನು ಕರೆಯುವಂತೆ ಅಂಕಲ್ ಎನ್ನುತ್ತಿದ್ದೆ. ಜನರಲ್ ಅಂಕಲ್.

ಅವರ ಅಪ್ಪ ನದಿಯಲ್ಲಿ ದೋಣಿ ದಾಟಿಸುತ್ತಿದ್ದರಂತೆ. ಅಮ್ಮ ಬಾಳೆಹಣ್ಣು ಕರಿದು ಮಾರುತ್ತಿದ್ದರು. ಸೈನ್ಯದ ಶಾಲೆಗೆ ಸೇರಿದರೆ ಬೂಟು ಕೊಡುತ್ತಾರೆಂದು ಹದಿನೈದನೇ ವರ್ಷಕ್ಕೆ ಸೇರಿದರು. ಮೊದಲನೇ ದಿನ ಯಾರಾದರೂ ಕದ್ದಾರೆಂದು ಬೂಟು ಹಾಕಿಕೊಂಡೇ ಮಲಗಿದ್ದರಂತೆ. ಆಮೇಲೆ ಗಡಿಯ ಬೆಟ್ಟಗಳು, ಮಲೇರಿಯಾ, ತೊಡೆಯಲ್ಲೊಂದು ಗುಂಡು, ಒಂದರ ಮೇಲೊಂದು ಬಡ್ತಿ. "ಮೇಲಿನವರು ಬಾಯಿ ಬಿಡುವ ಮೊದಲೇ ಅವರಿಗೇನು ಬೇಕೆಂದು ನನಗೆ ಗೊತ್ತಾಗುತ್ತಿತ್ತು" ಎಂದರು. ಒಂದು ದಿನ ಸೈನ್ಯ ಸರ್ಕಾರವನ್ನು ಇಳಿಸಿತು. ಟ್ಯಾಂಕುಗಳು ರಾಜಧಾನಿಗೆ ಬಂದಾಗ ಸಿಗ್ನಲ್ ಕೆಂಪಿದ್ದಲ್ಲೆಲ್ಲ ನಿಂತು ನಿಂತು ಬಂದವು ಎಂದು ಹೇಳಿ ಅವರೇ ನಕ್ಕರು. ಟೀವಿಯಲ್ಲಿ ಪ್ರಕಟಣೆ ಓದಿದವರು ಇವರು. ಹೆಂಡತಿ ಮೂರು ಸಲ ಇಸ್ತ್ರಿ ಮಾಡಿಕೊಟ್ಟ ಸಮವಸ್ತ್ರ ತೊಟ್ಟಿದ್ದರಂತೆ. ಆಮೇಲೆ ಮಂತ್ರಿ, ಅದಾದ ಮೇಲೆ ಸ್ವಲ್ಪ ಕಾಲ ಉಪಪ್ರಧಾನಿ. ದೋಣಿ ದಾಟಿಸುತ್ತಿದ್ದ ಅಪ್ಪನ ಊರಿಗೆ ಸೇತುವೆ ಕಟ್ಟಿಸಿದರು. ಅಪ್ಪನ ಕೆಲಸ ಹೋಯಿತು ಎಂದು ಮತ್ತೆ ನಕ್ಕರು.

"ಆಮೇಲೆ ಬೀದಿಗಳಲ್ಲಿ ಗಲಾಟೆ ಎದ್ದಿತು. ಮೂರು ದಿನದಲ್ಲಿ ಶಾಂತಿ ತಂದೆ" ಎಂದರು ಒಂದು ಸಂಜೆ.

"ಇನ್ನೂ ಹತ್ತು ಸಲ ಎತ್ತಿ ಅಂಕಲ್, ಎಡಗಾಲು" ಎಂದೆ ನಾನು.

ಆಣೆ ಮಾಡಿ ಹೇಳುತ್ತೇನೆ, ನಾನು ಅಷ್ಟೇ ಅಂದದ್ದು. ನಾನು ಬೆಳೆದ ಮೈಸೂರಿನ ಮನೆಯಲ್ಲಿ ಅಪ್ಪ ಪೇಪರ್ ಓದುತ್ತ ದಿನಕ್ಕೊಮ್ಮೆಯಾದರೂ, "ಈ ದೇಶಕ್ಕೆ ಮಿಲಿಟರಿ ರೂಲೇ ಸರಿ ಕಣಮ್ಮ" ಎನ್ನುತ್ತಿದ್ದರು. ಅಮ್ಮ ಬೇಳೆ ಆರಿಸುತ್ತ ಹೂಂಗುಡುತ್ತಿದ್ದಳು. ಆ ಮಾತಿಗೆ ಯಾವ ಅರ್ಥವಾದರೂ ಇದೆಯೆಂದು ನಾವು ಯಾರೂ ಯೋಚಿಸಿರಲಿಲ್ಲ. ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಅವರ ಹೆಸರು ಹುಡುಕಿದೆ, ಇಲ್ಲವೆನ್ನುವುದಿಲ್ಲ. ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಯಾವುದೋ ಸೇತುವೆಯ ಮೇಲೆ ರಿಬ್ಬನ್ ಕತ್ತರಿಸುವ ಫೋಟೊ ಒಂದು ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದೆ. ಹೊಗಳುವುದಕ್ಕೆ ಎಷ್ಟು ಬೇಕೋ ಅಷ್ಟು ಸಿಕ್ಕಿತ್ತಲ್ಲ.

ಈ ಸಡಗರದಲ್ಲಿ ನೋಯ್‌ಗೂ ಒಂದು ಮಾತು ಹೇಳಿದ್ದೆ. ನೋಯ್ ನಮ್ಮ ಕ್ಲಿನಿಕ್ಕಿನ ಫ್ರಂಟ್ ಡೆಸ್ಕಿನವಳು, ಥಾಯ್ಲೆಂಡಿನವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಹನ್ನೊಂದು ವರ್ಷ ಒಟ್ಟಿಗೆ ಡಬ್ಬಿ ಬಿಚ್ಚಿ ಊಟ ಮಾಡಿದ್ದೇವೆ. ನನ್ನ ಚಿತ್ರಾನ್ನಕ್ಕೆ ಅವಳು ಪ್ರಾಣ ಬಿಡುತ್ತಿದ್ದಳು. ನನ್ನ ಮಗಳು ಅವಳನ್ನು ನೋಯ್ ಆಂಟಿ ಎಂದು ಹಚ್ಚಿಕೊಂಡಿದ್ದಳು, ನನ್ನ ಹತ್ತಿರ ಹೇಳದ್ದನ್ನೆಲ್ಲ ಅವಳ ಹತ್ತಿರ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಮ್ಮ ಬೀದಿಯಲ್ಲಿ ನಿಮ್ಮ ಕಡೆಯ ಒಬ್ಬರು ಜನರಲ್ ಇದ್ದಾರೆ ಎಂದಾಗ ನೋಯ್, "ನಮ್ಮ ದೇಶದಲ್ಲಿ ಮಾವಿನ ಮರಕ್ಕಿಂತ ಜನರಲ್‌ಗಳೇ ಹೆಚ್ಚು" ಎಂದು ನಕ್ಕು ಪ್ರಿಂಟರ್ ಕಡೆ ತಿರುಗಿದಳು. ನಾನೂ ನಕ್ಕು ಒಳಗೆ ಹೋದೆ.

ಅಕ್ಟೋಬರ್ ಕೊನೆಗೆ ನಮ್ಮ ಕನ್ನಡ ಸಂಘದಲ್ಲಿ ಕೋಲಾಹಲ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಬರಬೇಕಿದ್ದ ಮುಖ್ಯ ಅತಿಥಿಗೆ ವೀಸಾ ಆಗಲಿಲ್ಲ. ಮುಖ್ಯ ಅತಿಥಿ ಇಲ್ಲದೆ ನಮ್ಮ ಸಂಘದವರು ಒಂದು ದೀಪವನ್ನೂ ಹಚ್ಚುವುದಿಲ್ಲ. ಅದೂ ಅತಿಥಿಯ ಹೆಸರಿನ ಹಿಂದೆ ಒಂದು 'ಮಾಜಿ' ಇದ್ದರೇ ಸಮಾಧಾನ. ಸಂಘದ ಅಧ್ಯಕ್ಷ ಸತೀಶಣ್ಣ ಫೋನಿನಲ್ಲಿ ಅಳುವುದೊಂದು ಬಾಕಿ. "ಡಲ್ಲಾಸ್‌ನವ್ರು ಹೋದ್ ವರ್ಷ ಮಾಜಿ ಮಂತ್ರಿನ ಕರ್ಸಿದ್ರು ಶೈಲಾ. ಆಸ್ಟಿನ್‌ನವ್ರು ಈ ಸಲ ಯಾರೋ ಮಾಜಿ ಕುಲಪತಿನ ಹಿಡ್ದಿದಾರೆ. ನಾವೇನ್ ಖಾಲಿ ಕುರ್ಚಿಗೆ ಹಾರ ಹಾಕೋಣ್ವಾ?"

"ಮಾಜಿ ಉಪಪ್ರಧಾನಿ ಆಗ್ಬಹುದಾ?" ಎಂದೆ.

"ಯಾವ ದೇಶದ್ದು?" ಎಂದರು. ಹೇಳಿದೆ. "ಇರ್ಲಿ ಬಿಡು, ಏಷ್ಯಾನೇ ಅಲ್ವಾ" ಎಂದರು.

ನಮ್ಮವರಿಗೆ ಇದು ಸರಿ ಕಾಣಲಿಲ್ಲ. "ಪಾಪ, ಮುದುಕರು ತಮ್ಮ ಪಾಡಿಗೆ ತಾವು ಅದಾರ. ಈ ಉಸಾಬರಿ ನಿನಗ್ಯಾಕ ಬೇಕಿತ್ತು?" ಎಂದರು. ನಾನು ಕೇಳುವ ಹಂತದಲ್ಲಿ ಇರಲಿಲ್ಲ. ಅತಿಥಿಯನ್ನು ಹುಡುಕಿದವಳು ನಾನಾದ್ದರಿಂದ ಬಿನ್ನವತ್ತಳೆ ಬರೆಯುವ ಕೆಲಸವೂ ನನಗೇ ಬಂತು. ಚೌಕಟ್ಟು ಹಾಕಿಸಿ ಕೊಡುವ ಆ ಹೊಗಳಿಕೆಯ ಪತ್ರವನ್ನು ಕನ್ನಡ ಸಂಘದವರ ಹಾಗೆ ಬರೆಯುವವರು ಭೂಮಿಯ ಮೇಲೆ ಇಲ್ಲ. ಮೂರು ದಿನ ಕೂತು ಬರೆದೆ. ದೋಣಿಯವರ ಮಗ, ಸೇತುವೆ ಕಟ್ಟಿದ ಧೀಮಂತ, ನಾಡು ಸಂಕಷ್ಟದಲ್ಲಿದ್ದಾಗ ಚುಕ್ಕಾಣಿ ಹಿಡಿದ ಕರ್ಮಯೋಗಿ. ಉರಿಯುತ್ತಿದ್ದ ಬೀದಿಗಳಿಗೆ ಮೂರೇ ದಿನಗಳಲ್ಲಿ ಶಾಂತಿಯನ್ನು ಮರಳಿ ತಂದ ಧೀರ. ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡು ಖುಷಿಪಟ್ಟೆ. ಅವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೂ ಒಂದು ಪ್ರತಿ ಮಾಡಿದೆ. ನೋಯ್‌ಗೆ ಮಾತ್ರ ಏನೂ ಹೇಳದೆ, "ಭಾನುವಾರ ನಮ್ಮ ಕಾರ್ಯಕ್ರಮಕ್ಕೆ ಬಾ, ನಿನಗೊಂದು ಸರ್‌ಪ್ರೈಸ್ ಇದೆ" ಎಂದು ನನ್ನ ಹಸಿರು ಮೈಸೂರು ಸಿಲ್ಕ್ ಸೀರೆ ಕೊಟ್ಟೆ. ಪಿನ್ನು ಹಾಕಿ ಉಡಿಸಿದವಳೂ ನಾನೇ.

ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ. ಮಕ್ಕಳು ನಾಡಗೀತೆ ಹಾಡಿದರು. ಸತೀಶಣ್ಣ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಸೂರು ಪೇಟ ಎತ್ತಿ ಜನರಲ್ ಅಂಕಲ್ ತಲೆಗೆ ಒತ್ತಿ ಕೂರಿಸಿದರು. ಅವರು ಒಮ್ಮೆ ಬೆಚ್ಚಿ ಹಿಂದೆ ಸರಿದರು. ಅವರಲ್ಲಿ ಇನ್ನೊಬ್ಬರ ತಲೆ ಮುಟ್ಟುವುದು ದೊಡ್ಡ ಅಪರಾಧವಂತೆ, ಆಮೇಲೆ ಗೊತ್ತಾಯಿತು. ಮರುಕ್ಷಣ ಅಟೆನ್ಷನ್‌ನಲ್ಲಿ ನೆಟ್ಟಗೆ ನಿಂತರು. ಪೇಟ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ ಜನ ಸೀಟಿ ಹೊಡೆದರು. ನಾನು ಹಿರಿಯರೆಂದು ಎಲ್ಲರೆದುರಿಗೆ ಅವರ ಕಾಲಿಗೆ ನಮಸ್ಕಾರ ಮಾಡಿ ಮೈಕ್ ಹಿಡಿದೆ. ಕನ್ನಡದ್ದು ಓದಿ ಮುಗಿಸಿ ಇಂಗ್ಲಿಷಿನದು ಓದಿದೆ. ಮೂರು ದಿನಗಳ ಶಾಂತಿಯ ವಾಕ್ಯ ಬಂದಾಗ ತಲೆಯೆತ್ತಿ ನೋಯ್ ಕಡೆ ನೋಡಿದೆ, ಅವಳಿಗೆ ಹೆಮ್ಮೆಯಾಗಿರುತ್ತದೆ ಎಂದು. ಅವಳು ಮೂರನೇ ಸಾಲಿನಿಂದ ಎದ್ದು, ಸೀರೆಯ ನಿರಿಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಗಿಲ ಕಡೆ ನಡೆಯುತ್ತಿದ್ದಳು.

ಪಾರ್ಕಿಂಗ್ ಲಾಟ್‌ನಲ್ಲಿ ತನ್ನ ಕಾರಿನಲ್ಲಿ ಕೂತಿದ್ದಳು. ಸೆರಗಿನ ಪಿನ್ನು ಬಿಚ್ಚಲು ನೋಡುತ್ತಿದ್ದಳು, ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಬಿಚ್ಚಿಕೊಟ್ಟೆ.

"ನನ್ನ ತಮ್ಮ ಆ ಮೂರು ದಿನದಲ್ಲೇ ಹೋದ" ಎಂದಳು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ, ನೆನಪಿರುವುದು ಮಾತ್ರ ಹೀಗೆ ಕನ್ನಡದಲ್ಲಿ. "ಟೋನ್ ಅಂತ. ಹತ್ತೊಂಬತ್ತು ವರ್ಷ. ಮೇಷ್ಟ್ರ ಟ್ರೇನಿಂಗ್ ಓದುತ್ತಿದ್ದ. ಗಲಾಟೆ ಅಲ್ಲ ಅದು. ಬೀದಿಯಲ್ಲಿ ಕೂತಿದ್ದರು ಅಷ್ಟೇ, ಚುನಾವಣೆ ಬೇಕು ಅಂತ. ಸೈನಿಕರು ಗುಂಡು ಹಾರಿಸಿದರು. ಬಿದ್ದವರನ್ನು, ಸಿಕ್ಕವರನ್ನು ಟ್ರಕ್ಕಿಗೆ ಹಾಕಿಕೊಂಡು ಹೋದರು. ಅವನನ್ನು ಹಾಕಿದ್ದನ್ನು ಅವನ ಗೆಳೆಯ ನೋಡಿದ್ದಾನೆ. ಆಮೇಲೆ ಇಲ್ಲ."

"ನನಗೆ ಗೊತ್ತಿರಲಿಲ್ಲ ನೋಯ್."

"ನೀನು ಕೇಳಲಿಲ್ಲ."

ನಿಜ. ಕ್ಲಿನಿಕ್ಕಿಗೆ ಸೇರಿದ ವರ್ಷ ಒಡಹುಟ್ಟಿದವರೆಷ್ಟು ಎಂದಿದ್ದೆ. ಒಬ್ಬ ತಮ್ಮ ಇದ್ದ ಎಂದಿದ್ದಳು. 'ಇದ್ದ' ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅಷ್ಟರಲ್ಲಿ ನನ್ನ ಮಗಳ ಭರತನಾಟ್ಯದ ವಿಷಯ ಬಂದು ಅದೇ ಹೇಳತೊಡಗಿದ್ದೆ. ಆ ಕಾರಿನಲ್ಲಿ ಕೂತು ನನಗೆ ನನ್ನ ಮೇಲೆ ಎಂಥ ಅಸಹ್ಯ ಬಂತೆಂದು ಹೇಳಲಾರೆ. ಜೊತೆಗೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಒಳಗಿನಿಂದ ಚಪ್ಪಾಳೆ ಕೇಳಿಸುತ್ತಿತ್ತು, ಜನರಲ್ ಅಂಕಲ್ ಏನು ಮಾತಾಡುತ್ತಿರಬಹುದೆಂಬ ಕುತೂಹಲವೂ ಇತ್ತು.

"ಅಮ್ಮ ಇದ್ದಾಳೆ, ಎಂಬತ್ತಾರು" ಎಂದಳು ನೋಯ್. "ಅವನ ಹೆಸರಲ್ಲಿ ಇವತ್ತಿನವರೆಗೆ ಭಿಕ್ಷುಗಳಿಗೆ ಒಂದು ಊಟ ಹಾಕಿಸಿಲ್ಲ. ಸತ್ತ ಅಂತ ಯಾರು ಹೇಳಿದರು ಅಂತ ಕೇಳುತ್ತಾಳೆ. ಯಾವ ಕಚೇರಿಯೂ ಹೇಳಿಲ್ಲ, ಯಾವ ಕಾಗದವೂ ಇಲ್ಲ. ಅವಳು ಸಾಯುವ ಮೊದಲು ನನಗೆ ಒಂದೇ ಒಂದು ಬೇಕು. ಆ ಟ್ರಕ್ ಎಲ್ಲಿಗೆ ಹೋಯಿತು? ನೀನು ಆ ಜನರಲ್ ಕಾಲು ಮುಟ್ಟುತ್ತೀಯಲ್ಲ ಶೈಲಾ, ನಿನಗೆ ಹೇಳುತ್ತಾನೆ. ಕೇಳು."

ಕೇಳುತ್ತೇನೆ ಎಂದೆ. ಎಂದವಳು ಎರಡು ವಾರ ಆ ಮನೆ ಕಡೆ ತಲೆ ಹಾಕಲಿಲ್ಲ. ಗ್ಯಾರೇಜ್ ಬಾಗಿಲು ತೆರೆದು ಒಳಗೇ ಕಾರಿನಿಂದ ಇಳಿದು ಮನೆ ಸೇರುತ್ತಿದ್ದೆ. ಕ್ಲಿನಿಕ್ಕಿನಲ್ಲಿ ನೋಯ್ ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ, ಬಿಟ್ಟಿದ್ದರೆ ವಾಸಿಯಿತ್ತು. "ಎರಡನೇ ರೂಮಿನಲ್ಲಿ ಪೇಷೆಂಟ್", "ಮೂರು ಗಂಟೆಯದು ಕ್ಯಾನ್ಸಲ್". ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಕಾರಿಗೆ ಹೋಗಿ ಕೂರುತ್ತಿದ್ದಳು. ಸೀರೆ ಒಗೆಸಿ, ಇಸ್ತ್ರಿ ಮಾಡಿಸಿ, ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದಳು. ಹನ್ನೊಂದು ವರ್ಷದ ಗೆಳತಿ ಕೈತಪ್ಪಿ ಹೋಗುತ್ತಿದ್ದಳು. ಅವಳನ್ನು ಉಳಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ, ಅದನ್ನು ಕೇಳಲು ನನಗೆ ಬಾಯಿಲ್ಲ. ನಮ್ಮವರ ಹತ್ತಿರ ಅತ್ತುಕೊಂಡೆ. ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಹೋಗಿ ಕೇಳು. ಕೇಳದ ಕುಂತರ ನಿನಗ ನಿದ್ದಿ ಬರಂಗಿಲ್ಲ, ನನಗೂ ಬರಗೊಡಂಗಿಲ್ಲ" ಎಂದರು.

ಥ್ಯಾಂಕ್ಸ್‌ಗಿವಿಂಗ್ ರಜೆಯ ಹಿಂದಿನ ದಿನ ಮಧ್ಯಾಹ್ನ ಹೋದೆ. ಅವರು ಹಿತ್ತಲಿನಲ್ಲಿ ಪರಂಗಿ ಗಿಡದ ಬುಡ ಕೆದಕುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಕೈ ಹಿಡಿದು ಒಳಗೆ ಕರೆದೊಯ್ದು ತೋರಿಸಿದರು. ಪೇಟವನ್ನು ಬುದ್ಧನ ಮೂರ್ತಿಯ ಪಕ್ಕದಲ್ಲಿ ಇಟ್ಟು, ನನ್ನ ಬಿನ್ನವತ್ತಳೆಯನ್ನು ಹೆಂಡತಿಯ ಫೋಟೊದ ಕೆಳಗೆ ತೂಗುಹಾಕಿದ್ದರು. "ನನ್ನ ದೇಶದಲ್ಲಿ ನನಗೆ ಯಾರೂ ಹೀಗೆ ಬರೆದುಕೊಟ್ಟಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಅಂಕಲ್, ಒಂದು ಕೇಳಬೇಕು. ಆ ಮೂರು ದಿನ ಟ್ರಕ್ಕುಗಳಲ್ಲಿ ಜನರನ್ನು ತೆಗೆದುಕೊಂಡು ಹೋದರಲ್ಲ, ಎಲ್ಲಿಗೆ?"

ಅವರಿಗೆ ಕೋಪ ಬರುತ್ತದೆ ಎಂದುಕೊಂಡೆ, ಬರಲಿಲ್ಲ. "ಕೇಳುತ್ತಿರುವವರು ಯಾರು?" ಎಂದರು. ಗೆಳತಿ ಎಂದೆ, ಟೋನ್ ಹೆಸರು ಹೇಳಿದೆ, ವಯಸ್ಸು ಹೇಳಿದೆ, ತಾಯಿ ಕಾಯುತ್ತಿರುವುದನ್ನು ಹೇಳಿದೆ. ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಬೀದಿ ಖಾಲಿ ಮಾಡಿಸಿ ಎಂದು ಹೇಳಿದವನು ನಾನು. ಖಾಲಿಯಾಗಿದೆ ಎಂದು ಬಂದು ಹೇಳಿದರು. ಹೇಗೆ ಖಾಲಿಯಾಯಿತೆಂದು ನಾನು ಕೇಳಲಿಲ್ಲ. ಟ್ರಕ್ ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ. ನಾನು ಯಾವತ್ತೂ ಕೇಳಿದವನಲ್ಲ, ಖುನ್ ಶೈಲಾ. ನನ್ನ ಜೊತೆ ಸೇರಿದವರಲ್ಲಿ ಕೇಳುವವರೂ ಇದ್ದರು. ಅವರೆಲ್ಲ ಗಡಿಯಲ್ಲೇ ಉಳಿದರು. ನಾನು ಮೇಲೆ ಬಂದೆ."

"ಯಾರಿಗಾದರೂ ಗೊತ್ತಿರಬೇಕಲ್ಲ?"

"ಗೊತ್ತಿದ್ದವರು ಸತ್ತಿದ್ದಾರೆ. ಅಥವಾ ಅವರೂ ಕೇಳಿರಲಿಕ್ಕಿಲ್ಲ."

ಇದು ಸತ್ಯವೋ, ಎಂಬತ್ತು ದಾಟಿದ ರಾಜಕಾರಣಿಯ ಜಾಣತನವೋ? ಅವತ್ತು ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ. ನನ್ನ ಮುಂದೆ ಕೂತಿದ್ದವರು ಇನ್ಸುಲಿನ್ ತೆಗೆದುಕೊಳ್ಳುವವರ ಮನೆಗೆ ಮೊದಲು ಕರೆಂಟ್ ಕೊಡಿಸಿದ ಮನುಷ್ಯ. ಹತ್ತೊಂಬತ್ತರ ಹುಡುಗನನ್ನು ಟ್ರಕ್ಕಿಗೆ ಹಾಕಿಸಿದ ಮನುಷ್ಯನೂ ಅವರೇ. ಎರಡನ್ನೂ ಒಂದೇ ಮುಖದಲ್ಲಿ ನೋಡಲು ನನ್ನಿಂದ ಆಗಲಿಲ್ಲ. ಹೊರಡುವಾಗ ಒಂದು ಪರಂಗಿಹಣ್ಣು ಕೈಗಿಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ, ತಂದುಬಿಟ್ಟೆ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಅದನ್ನೇ ನೋಡುತ್ತ ನಿಂತಿದ್ದೆ. ನಮ್ಮವರು ಬಂದು, "ಹಣ್ಣಿಂದೇನ ತಪ್ಪೈತಿ?" ಎಂದು ಹೆಚ್ಚಿಕೊಂಡು ತಿಂದರು. ನಾನು ಮುಟ್ಟಲಿಲ್ಲ. ಮುಟ್ಟದೆ ಇದ್ದುಬಿಟ್ಟರೆ ಏನಾದರೂ ಸರಿಹೋಗುತ್ತದೆಯೇ ಎಂದೂ ಗೊತ್ತಿರಲಿಲ್ಲ.

ರಜೆ ಮುಗಿದ ಸೋಮವಾರ ಏಳು ಗಂಟೆಗೇ ಕ್ಲಿನಿಕ್ಕಿಗೆ ಹೋದೆ. ಬಾಗಿಲು ತೆಗೆಯುವವಳು ನೋಯ್. ಒಳಗೆ ಬಂದು ಅವಳ ಮೇಜಿನ ಮುಂದೆ ನಿಂತೇ ಎಲ್ಲ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಬಿಡಲಿಲ್ಲ. ಕೇಳಿದವರು ಗಡಿಯಲ್ಲೇ ಉಳಿದರು ಎಂದದ್ದನ್ನೂ ಹೇಳಿದೆ.

ನೋಯ್ ಅಳುತ್ತಾಳೆಂದುಕೊಂಡಿದ್ದೆ. ಅವಳು ಬೆರಳಿನಿಂದ ಮೇಜಿನ ಅಂಚು ಉಜ್ಜುತ್ತ, "ಇಷ್ಟು ವರ್ಷ ನಾನು ಒಂದು ನಂಬಿಕೊಂಡಿದ್ದೆ" ಎಂದಳು. "ಎಲ್ಲೋ ಒಬ್ಬನಿಗೆ ಗೊತ್ತಿದೆ ಅಂತ. ಅವನು ಕೆಟ್ಟವನಾಗಿರಲಿ, ರಾಕ್ಷಸನಾಗಿರಲಿ, ಗೊತ್ತಿರುವ ಒಬ್ಬ ಇದ್ದಾನೆ ಅಂತ. ಯಾರಿಗೂ ಗೊತ್ತೇ ಇಲ್ಲದೆ ಒ​ಬ್ಬ ಮನುಷ್ಯ ಹೀಗೆ ಹೋಗುತ್ತಾನಾ ಶೈಲಾ?"

ಅವಳು ಗಡಿಯಾರ ನೋಡಿದಳು. ಅಲ್ಲಿ ಆಗ ರಾತ್ರಿ ಊಟದ ಹೊತ್ತು. ಫೋನ್ ತೆಗೆದು ತಾಯಿಗೆ ಮಾಡಿದಳು. ಐದು ನಿಮಿಷ ಮಾತಾಡಿದಳು. ಟೋನ್ ಎಂಬುದೊಂದು ಬಿಟ್ಟರೆ ನನಗೇನೂ ಅರ್ಥವಾಗಲಿಲ್ಲ. ನಡುವೆ ಆ ಕಡೆಯಿಂದ ಮುದುಕಿಯ ಸಣ್ಣ ದನಿ ಒಂದೇ ಸಮನೆ ಏನೋ ಹೇಳುತ್ತಿರುವುದು ಕೇಳಿಸಿತು. ನೋಯ್ ಫೋನ್ ಇಟ್ಟಳು.

"ದೊಡ್ಡ ಅಧಿಕಾರಿಯೊಬ್ಬರು ಇಲ್ಲಿ ಸಿಕ್ಕಿದ್ದರು, ಅವರೇ ಮುಂದೆ ನಿಂತು ನೋಡಿದ್ದಾರೆ ಅಂತ ಹೇಳಿದೆ. ಟೋನ್‌ನನ್ನು ಒಂದು ಬೌದ್ಧ ದೇವಾಲಯಕ್ಕೆ ಕರೆದೊಯ್ದು, ಭಿಕ್ಷುಗಳಿಂದ ಮಂತ್ರ ಹೇಳಿಸಿ, ದಹನ ಮಾಡಿ, ಬೂದಿಯನ್ನು ನದಿಗೆ ಬಿಟ್ಟರಂತೆ ಅಂದೆ."

"ನೋಯ್!"

"ಹೌದು, ಸುಳ್ಳು. ಅಮ್ಮ ನಾಳೆ ಅವನ ಹೆಸರಲ್ಲಿ ಊಟ ಹಾಕಿಸುತ್ತಾಳಂತೆ." ಅವಳು ಕಂಪ್ಯೂಟರ್ ಆನ್ ಮಾಡಿದಳು. ಪರದೆ ಬೆಳಗುವವರೆಗೆ ಅದನ್ನೇ ನೋಡುತ್ತಿದ್ದಳು. "ಆ ಅಧಿಕಾರಿಯ ಹೆಸರಲ್ಲೂ ಒಂದು ಊಟ ಹಾಕಿಸುತ್ತಾಳಂತೆ. ಪುಣ್ಯಾತ್ಮ, ನನ್ನ ಮಗನನ್ನು ಬೀದಿಯಲ್ಲಿ ಬಿಡಲಿಲ್ಲ, ಅವನ ಆಯಸ್ಸು ಹೆಚ್ಚಲಿ ಅಂದಳು. ಹೋಗಿ ಹೇಳು ಅವನಿಗೆ. ಅಮ್ಮ ಕೊಟ್ಟದ್ದನ್ನು ನಾನು ಇಟ್ಟುಕೊಳ್ಳಲಾರೆ."

ಆ ಮಧ್ಯಾಹ್ನ ನೋಯ್ ಕಾರಿಗೆ ಹೋಗಲಿಲ್ಲ. ನನ್ನ ಎದುರಿಗೆ ಕೂತು ಡಬ್ಬಿ ಬಿಚ್ಚಿದಳು. ಇಬ್ಬರೂ ಒಟ್ಟಿಗೆ ಉಂಡೆವು.

ಸಂಜೆ ಉತ್ತರದ ಚಳಿಗಾಳಿ ಬೀಸತೊಡಗಿತ್ತು. ಜನರಲ್ ಅಂಕಲ್ ಸ್ವೆಟರ್ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ನನ್ನ ಕಾರು ನಿಂತದ್ದು ಕಂಡು ಊರುಗೋಲು ಊರಿ ಎದ್ದು ನಿಂತರು. ನಾನು ಹುಲ್ಲಿನ ಮೇಲೆ ನಡೆದು ಹೋಗಿ, ಮೆಟ್ಟಿಲು ಹತ್ತದೆ, ಕೆಳಗೇ ನಿಂತು ಹೇಳಿದೆ. "ಅಂಕಲ್, ಟೋನ್‌ನ ತಾಯಿ ನಿಮ್ಮ ಆಯಸ್ಸು ಹೆಚ್ಚಲಿ ಎಂದು ಹರಸಿದ್ದಾರೆ. ನಿಮ್ಮ ಹೆಸರಲ್ಲಿ ಭಿಕ್ಷುಗಳಿಗೆ ಊಟ ಹಾಕಿಸುತ್ತಾರಂತೆ."

ಊರುಗೋಲು ಗೋಡೆಗೆ ಒರಗಿಸಿ ಅವರು ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ನಿಂತಿದ್ದರು.

ಯಾಕೆ ಎಂದು ಕೇಳುತ್ತಾರೆಂದು ನಾನು ಕಾದೆ. ಮಗನನ್ನು ಕಳೆದುಕೊಂಡ ತಾಯಿ ನನ್ನನ್ನು ಯಾಕೆ ಹರಸಿದಳು ಎಂದು ಒಂದು ಮಾತು ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಅವರು ಕಣ್ಣು ತೆರೆದು, "ಚಳಿ ಇದೆ ಖುನ್ ಶೈಲಾ, ನಿಮ್ಮ ಮನೆಯೊಳಗೆ ಹೋಗಿ" ಎಂದರು.

ನಾನಾಗಿ ಹೇಳಲಿಲ್ಲ. ಒಳಗೆ ಹೋದೆ.